ಗಿಪುಸ್ಕೊವಾ: ಅಂಗೈಯಗಲ ಬಯಲಿಲ್ಲದ ಬಾಸ್ಕ್ ಕರಾವಳಿ ಇಷ್ಟೆಲ್ಲ ಮಾಡಿದ್ದು ಹೇಗೆ?

ನಕಾಶೆಪ್ರಿಯ

ಸ್ಪೇನಿನ ಭೂಪಟ ತೆಗೆದು ಮೇಲಂಚಿನ ನಡುಭಾಗ ನೋಡಿ. ಫ್ರಾನ್ಸಿಗೆ ಅಂಟಿಕೊಂಡಂತೆ, ಬಿಸ್ಕೆ ಕೊಲ್ಲಿಗೆ ಮುಖ ಮಾಡಿ ಕೂತಿರುವ, ಬಾಸ್ಕ್ ಜನರ ಪುಟ್ಟ ಪ್ರಾಂತ್ಯವೇ ಗಿಪುಸ್ಕೊವಾ. ಸುಮಾರು 1,980 ಚದರ ಕಿ.ಮೀ., ಸ್ಪೇನಿನ 50 ಪ್ರಾಂತ್ಯಗಳಲ್ಲೇ ಚಿಕ್ಕದು, ನಮ್ಮ ಬೆಂಗಳೂರು ನಗರ ಜಿಲ್ಲೆಗಿಂತಲೂ ಕಮ್ಮಿ. ಜನ ಏಳು ಲಕ್ಷ ಚಿಲ್ಲರೆ. ರಾಜಧಾನಿ ದೊನೊಸ್ತಿಯಾ, ಸ್ಪ್ಯಾನಿಷ್‌ನಲ್ಲಿ ಸಾನ್ ಸೆಬಾಸ್ಟಿಯನ್.

ದಕ್ಷಿಣದ ಅಂಚಿನಲ್ಲಿ ಐಸ್ಕೊರ್ರಿ ಬೆಟ್ಟಸಾಲು. ಅದರ ಐಚೂರಿ ಶಿಖರ 1,551 ಮೀಟರ್. ಅಲ್ಲಿಂದ ಕಡಲು ಬಲು ಹತ್ತಿರ, ಹಾಗಾಗಿ ನದಿಗಳೆಲ್ಲ ಗಿಡ್ಡ, ಅವಸರದವು. ಪೂರ್ವದಿಂದ ಪಶ್ಚಿಮಕ್ಕೆ ಎಣಿಸಿದರೆ ಬಿದಸೋವಾ, ಒಯಾರ್ಟ್ಸುನ್, ಉರುಮೆಯಾ, ಓರಿಯಾ, ಉರೋಲಾ, ದೇಬಾ. ಎಲ್ಲವೂ ಉತ್ತರಕ್ಕೆ ಹರಿಯುತ್ತವೆ, ಪ್ರತಿಯೊಂದರ ಬಾಯಲ್ಲೂ ಒಂದು ಬಂದರೂರು: ಒಂದಾರಿಬಿಯಾ, ಪಸಾಯಾ, ದೊನೊಸ್ತಿಯಾ, ಓರಿಯೊ, ಸುಮಾಯಾ, ದೇಬಾ. ಕಣಿವೆ, ಏಣು, ಮತ್ತೆ ಕಣಿವೆ. ಗೋಧಿ ಬೆಳೆಯಲು ಹದವಾದ ಬಯಲೇ ಇಲ್ಲ.

ಇಂಥ ಜಾಗದಿಂದ ಭೂಮಿ ಸುತ್ತಿ ಬಂದ ಎಲ್ಕಾನೊ, ಕ್ರೈಸ್ತ ಪಾದ್ರಿಗಳ ಜೆಸ್ವಿಟ್ ಸಂಘ ಕಟ್ಟಿದ ಇಗ್ನೇಷಿಯಸ್ ಲೊಯೊಲಾ, ಮನಿಲಾ ನಗರಕ್ಕೆ ಅಡಿಪಾಯ ಹಾಕಿದ ಲೆಗಾಸ್ಪಿ ಎಲ್ಲರೂ ಎದ್ದು ಬಂದರು. ಆಮೇಲೆ ವೆನೆಜುವೆಲಾದ ಕೋಕೋ ವ್ಯಾಪಾರ ಹಿಡಿದ ಕಂಪನಿ, ಇವತ್ತಿನ ಮೊಂದ್ರಾಗೊನ್ ಸಹಕಾರಿ ಕಾರ್ಖಾನೆಗಳು. ನನ್ನ ವಾದ ಇಷ್ಟೇ: ಮನೆಯಲ್ಲಿ ಉಣ್ಣಲು ಸಾಲದ್ದಕ್ಕೇ ಇವರು ಹೊರಗೆ ಹೋದರು. ಒಪ್ಪದವರು ಬನ್ನಿ, ಜಗಳ ಆಡೋಣ.

ಕಲ್ಲುಮಣ್ಣು

ನಾನು ಭೂವಿಜ್ಞಾನದ ಮಾಸ್ತರ, ಊರು ವಿಜಯಪುರದ ಕಡೆ. ಜಗಳಕ್ಕ ಆಮೇಲೆ ಬರ್ತೀನಿ. ಮೊದಲ ಕಲ್ಲಿನ ಮಾತು ಆಗಲಿ, ಯಾಕಂದ್ರ ಈ ಪ್ರಾಂತ್ಯದ ಅತಿ ಹಳೇ ಚರಿತ್ರೆ ಸುಮಾಯಾ ಊರಿನ ಕಡಲದಂಡಿ ಮ್ಯಾಲ ಬರೆದಿಟ್ಟೈತಿ.

ಅಲ್ಲಿ ಇಟ್ಸುರುನ್ ಅನ್ನೋ ಮರಳದಂಡಿ ಅದ. ಬದಿಗೆ ನಿಂತ ಕಡಿಬಂಡೆ ನೋಡಿದ್ರ ಗಟ್ಟಿ ಸುಣ್ಣಗಲ್ಲಿನ ಪದರ, ಅದರ ಮ್ಯಾಲ ಮೆತ್ತನ್ನ ಜೇಡಿ ಬೆರೆತ ಪದರ, ಮತ್ತ ಸುಣ್ಣಗಲ್ಲು, ನಡುನಡುವ ಕಡಲಾಳಕ್ಕ ಕುಸಿದು ಬಂದ ಮರಳಿನ ಪದರ. ಹಿಂಗ ಸಾವಿರಗಟ್ಟಲೆ. ಭೂವಿಜ್ಞಾನದಾಗ ಇದಕ್ಕ ಫ್ಲಿಷ್ ಅಂತಾರ. ಇವೆಲ್ಲ ಆಳ ಕಡಲಿನ ತಳದಾಗ ಅಡ್ಡಡ್ಡ ಕೂತಿದ್ದವು. ಐಬೀರಿಯಾದ ಭೂಫಲಕ ಯುರೋಪಿಗೆ ಬಂದು ಗುದ್ದಿ ಪಿರಿನೀಸ್ ಬೆಟ್ಟ ಎದ್ದಾಗ ಇವೂ ಓರೆಯಾಗಿ ಎದ್ದು ನಿಂತವು. ಈಗ ಅಲೆ ಮೆತ್ತನ್ನ ಪದರ ತಿಂತದ, ಗಟ್ಟಿ ಪದರ ಪಕ್ಕೆಲುಬಿನಂಗ ಹೊರಗ ಉಳೀತದ. ಸುಣ್ಣಗಲ್ಲು–ಜೇಡಿ ಒಂದು ಜೋಡಿ ಅಂದ್ರ ಸುಮಾರು 20 ಸಾವಿರ ವರ್ಷ. ಭೂಮಿ ತನ್ನ ಅಕ್ಷದ ಮ್ಯಾಲ ಓಲಾಡೋ ಲೆಕ್ಕ ಕಲ್ಲಿನಾಗ ಅಚ್ಚಾಗೇತಿ. ಕಾಲನ್ನ ಎಣಿಸ್ಕೋತ ನಡೀಬಹುದು.

2008ರಾಗ ಪೇಲಿಯೊಸೀನ್ ಯುಗದ ಎರಡು ಹಂತಗಳ, ಅಂದ್ರ ಸೆಲಾಂಡಿಯನ್ ಮತ್ತ ಥನೇಷಿಯನ್ ಹಂತಗಳ, ಜಾಗತಿಕ ಗಡಿಗುರುತು ಇಲ್ಲೇ ಅಂತ ತೀರ್ಮಾನ ಆತು. ಬಂಡೆಗೆ ಬಂಗಾರಬಣ್ಣದ ಮೊಳೆ ಹೊಡೆದಾರ. ಒಂದೇ ದಂಡಿಗೆ ಇಂಥ ಎರಡು ಮೊಳೆ ಸಿಗೋದು ಅಪರೂಪ.

ಇನ್ನ ನಮ್ಮ ಕಡೆಯವರಿಗೆ ಬೇಕಾದ ಮಾತು. 6 ಕೋಟಿ 60 ಲಕ್ಷ ವರ್ಷದ ಹಿಂದ ಡೈನೋಸಾರ್ ಅಳಿದ ಗಡಿಯ ಕಪ್ಪು ಜೇಡಿ ಗೆರೆ ಸುಮಾಯಾದಾಗ ಕಣ್ಣಿಗೆ ಕಾಣ್ತದ, ತೆಳ್ಳನ್ನ ಪದರ. ಅದು ಅಲ್ಲಿ ಕೂತ ಕಾಲಕ್ಕ ಇಲ್ಲಿ ದಖ್ಖನದ ಲಾವಾ ಹರೀತಿತ್ತು. ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯ ಕರಿಗಲ್ಲು, ಅದು ಸವೆದು ಆದ ಎರಿಮಣ್ಣು ಎಲ್ಲ ಆ ಲಾವಾದ್ದೇ. ಡೈನೋಸಾರ್ ಕೊಂದದ್ದು ಉಲ್ಕೆಯೋ, ಲಾವಾದ ಪಾಲೂ ಇತ್ತೋ ಅಂತ ವಾದ ಮಾಡೋರು ಎರಡೂ ಕಡೆ ಕಲ್ಲು ತಿರುವಿ ಹಾಕ್ತಾರ.

ದೇಬಾಕಣಿವೆ

ನಾನು ಈ ಪ್ರಾಂತ್ಯದಲ್ಲೇ ಇದ್ದೇನೆ. ದೇಬಾ ನದಿಯ ಕಣಿವೆಯಲ್ಲಿ ಮಷೀನ್ ಟೂಲ್ ಕೆಲಸ, ಮೂಲ ಶಿವಮೊಗ್ಗ. "ಬಯಲಿಲ್ಲ" ಅಂದರೆ ಏನು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಐಬಾರ್ ಊರಿಗೆ ಬಂದರೆ ತಕ್ಷಣ ಅರ್ಥವಾಗುತ್ತದೆ. ಎರಡು ಗುಡ್ಡದ ನಡುವೆ ಒಂದು ತೊರೆ, ತೊರೆಯ ಮೇಲೆಯೇ ಅಲ್ಲಲ್ಲಿ ಚಪ್ಪಡಿ ಮುಚ್ಚಿ ರಸ್ತೆ. ರಸ್ತೆ ಬದಿಗೆ ಎಂಟು–ಹತ್ತು ಮಾಳಿಗೆಯ ಕಟ್ಟಡಗಳು, ಕೆಳಗೆ ಕಾರ್ಖಾನೆ ಇದ್ದ ಜಾಗ, ಮೇಲೆ ಮನೆ. ಮೇಲಿನ ಬೀದಿಗೆ ಹೋಗಲು ಪಂಚಾಯ್ತಿಯವರೇ ಲಿಫ್ಟು, ಎಸ್ಕಲೇಟರು ಹಾಕಿದ್ದಾರೆ. ಜಿನುಗು ಮಳೆಗೆ ಇಲ್ಲಿ ಸಿರಿಮಿರಿ ಅನ್ನುತ್ತಾರೆ, ಅದು ಶುರುವಾದರೆ ಮುಗಿಯುವ ಲಕ್ಷಣವೇ ಇರುವುದಿಲ್ಲ. ಬಟ್ಟೆ ಒಣಗದ ಕಷ್ಟ ಮಲೆನಾಡಿನವನಾದ ನನಗೆ ಹೊಸದೇನಲ್ಲ.

ಕಣಿವೆ ಬಿಟ್ಟು ಮೇಲೆ ಹತ್ತಿದರೆ ಬಸೆರ್ರಿ, ಅಂದರೆ ಒಂಟಿ ಒಕ್ಕಲುಮನೆ. ದಪ್ಪ ಕಲ್ಲಿನ ಗೋಡೆ, ಕೆಳಗೆ ಕೊಟ್ಟಿಗೆ, ಮೇಲೆ ಹುಲ್ಲಟ್ಟ. ಎಸ್ಕಿಯೊ ಊರಿನ ಇಗಾರ್ತುಬೆಯ್ತಿ ಅನ್ನುವ ಬಸೆರ್ರಿ 16ನೇ ಶತಮಾನದ್ದು, ಈಗ ಮ್ಯೂಸಿಯಂ. ಅಲ್ಲಿ ಸೇಬು ಹಿಂಡುವ ಗಾಣವೊಂದಿದೆ. ಅದು ಮನೆಯೊಳಗೆ ತಂದಿಟ್ಟ ಗಾಣವಲ್ಲ, ಗಾಣದ ಸುತ್ತಲೇ ಮನೆ ಕಟ್ಟಿದ್ದಾರೆ. ಮಹಡಿಯುದ್ದಕ್ಕೂ ಚಾಚಿದ ಭಾರೀ ಓಕ್ ತೊಲೆ, ಅದರ ತುದಿಗೆ ಮರದ ತಿರುಪು, ತಿರುಪಿಗೆ ನೇತುಬಿದ್ದ ಕಲ್ಲು. ಕಲ್ಲನ್ನು ತಿರುಗಿಸುತ್ತ ಹೋದರೆ ತೊಲೆ ನಿಧಾನಕ್ಕೆ ಸೇಬಿನ ರಾಶಿಯ ಮೇಲೆ ಕೂರುತ್ತದೆ. ಆ ರಸ ಹುಳಿ ಬಂದು ಸಗಾರ್ದೊ ಎಂಬ ಸೇಬಿನ ಮದ್ಯ ಆಗುತ್ತದೆ. ಗೋಧಿ ಬಾರದ ಇಳಿಜಾರಿಗೆ ಸೇಬು ಬರುತ್ತದಲ್ಲ.

ಇನ್ನೊಂದು ಮುಖ್ಯ ಸಂಗತಿ: ಬಸೆರ್ರಿ ಪಾಲಾಗುವುದಿಲ್ಲ. ಮಕ್ಕಳಲ್ಲಿ ಒಬ್ಬರಿಗೆ ಇಡೀ ಮನೆ–ಹೊಲ. ಹಿರಿಮಗನಿಗೇ ಆಗಬೇಕೆಂದೇನಿಲ್ಲ, ಮಗಳಿಗೂ ಆಗಬಹುದು. ಉಳಿದವರು ಇಷ್ಟೋ ಅಷ್ಟೋ ಕಟ್ಟಿಸಿಕೊಂಡು ಹೊರಡಬೇಕು. ಹಡಗು, ಮಠ, ಕುಲುಮೆ, ಅಮೆರಿಕ. ನಕಾಶೆಪ್ರಿಯ ಅವರ ವಾದಕ್ಕೆ ಇದೇ ಬಲವಾದ ಆಧಾರ ಅಂತ ನನಗೆ ಅನಿಸುತ್ತದೆ.

ಕರಣಿಕ

ಒಪ್ಪುವುದಿಲ್ಲ ಸರ್. ಬಡ ಗುಡ್ಡಗಾಡು ಯುರೋಪಿನಲ್ಲಿ ಬೇಕಾದಷ್ಟಿದೆ, ಎಲ್ಲ ಕಡೆಯಿಂದಲೂ ಎಲ್ಕಾನೊ ಹುಟ್ಟಿ ಬರಲಿಲ್ಲ. ಹಸಿವು ಜನರನ್ನು ಮನೆಯಿಂದ ಹೊರಡಿಸಬಹುದು. ಹಡಗು ಕಟ್ಟಿಸಲು ರಾಜನ ಸನ್ನದು ಬೇಕು, ಬಂಡವಾಳ ಬೇಕು.

ದೊನೊಸ್ತಿಯಾಕ್ಕೆ ಪಟ್ಟಣದ ಹಕ್ಕುಪತ್ರ ಸಿಕ್ಕಿದ್ದು 1180ರ ಸುಮಾರಿಗೆ, ನವಾರಾದ ರಾಜ 6ನೇ ಸಾಂಚೊನಿಂದ. ನವಾರಾಕ್ಕೆ ಕಡಲಿಗೆ ಒಂದು ಬಾಗಿಲು ಬೇಕಿತ್ತು. 1200ರಲ್ಲಿ ಗಿಪುಸ್ಕೊವಾ ಇನ್ನೊಂದು ರಾಜ್ಯವಾದ ಕ್ಯಾಸ್ಟೈಲ್ ಕಡೆಗೆ ಸೇರಿತು. ಗೆದ್ದದ್ದೋ ಒಪ್ಪಂದವೋ ಎಂಬ ಜಗಳ ಇನ್ನೂ ಇದೆ. ಕೂಡಲೇ ರಾಜ 8ನೇ ಅಲ್ಫಾನ್ಸೊ ಒಂದಾರಿಬಿಯಾಕ್ಕೆ 1203ರಲ್ಲಿ, ಗೆತಾರಿಯಾ ಮತ್ತು ಮುತ್ರಿಕುಗೆ 1209ರಲ್ಲಿ ಸನ್ನದು ಕೊಟ್ಟು ಕಡಲುದ್ದಕ್ಕೂ ಕೋಟೆಬಂದರುಗಳ ಸರಪಳಿ ಕಟ್ಟಿದ. 1256ರಲ್ಲಿ 10ನೇ ಅಲ್ಫಾನ್ಸೊ ಒಳನಾಡಿನ ದಾರಿಯಲ್ಲಿ ತೊಲೊಸಾ, ಒರ್ದಿಸಿಯಾ, ಸೆಗೂರಾ ಪಟ್ಟಣಗಳಿಗೆ ಹಕ್ಕು ಕೊಟ್ಟ. ಈ ದಾರಿ, ಈ ಬಂದರು ಇಲ್ಲದಿದ್ದರೆ ಬಸೆರ್ರಿಯ ಎರಡನೇ ಮಗ ಕುರಿ ಕಾಯುತ್ತಿದ್ದ ಅಷ್ಟೆ.

ಮಧ್ಯದಲ್ಲಿ ಪಾಳೆಯಗಾರರ ಕಾಟವೂ ಇತ್ತು. ಓನ್ಯಾಸ್, ಗಂಬೋವಾ ಎಂಬ ಎರಡು ಬಣ, ಪ್ರತಿ ಕಣಿವೆಯಲ್ಲೂ ಗೋಪುರದ ಮನೆ, ತಲೆಮಾರುಗಟ್ಟಲೆ ಬಡಿದಾಟ. 1448ರಲ್ಲಿ ಮೊಂದ್ರಾಗೊನ್ ಊರನ್ನೇ ಸುಟ್ಟರು. ಪಟ್ಟಣಗಳು ಒಟ್ಟಾಗಿ ಕೂಟ ಕಟ್ಟಿಕೊಂಡು ರಾಜನ ಬೆನ್ನಿಗೆ ಬಿದ್ದವು. 1450ರ ದಶಕದಲ್ಲಿ 4ನೇ ಹೆನ್ರಿ ಆ ಗೋಪುರಗಳ ತಲೆ ಹಾರಿಸಿ ಒಡೆಯರನ್ನು ಗಡಿಪಾರು ಮಾಡಿದ. ಅಸ್ಪೆಯ್ತಿಯಾ ಬಳಿಯ ಲೊಯೊಲಾ ಮನೆ ನೋಡಿದವರಿಗೆ ಗೊತ್ತು: ಕೆಳಗೆ ಒರಟು ಕಲ್ಲಿನ ಕೋಟೆ, ಮೇಲೆ ಸೊಗಸಾದ ಇಟ್ಟಿಗೆ ಕೆಲಸ. ಕೆಡವಿದ ಮೇಲೆ ಇಟ್ಟಿಗೆಯಲ್ಲಿ ಕಟ್ಟಿದ್ದು ಅದು.

ಮಲ್ಪೆಯವ

ಕೋಟೆ, ರಾಜ ಎಲ್ಲ ಆಯ್ತು, ತಿಮಿಂಗಿಲದ ಮಾತು ಯಾರೂ ಎತ್ತಲಿಲ್ಲವಲ್ಲ ಮಾರಾಯ್ರೇ! ನಾನು ಬೋಟಿನ ಮನೆಯವ. ಈ ಊರುಗಳ ಮುದ್ರೆಯಲ್ಲೇ ತಿಮಿಂಗಿಲದ ಚಿತ್ರ ಉಂಟು ಅಂತ ಓದಿದ್ದೆ. ಗೊತ್ತಿದ್ದವರು ಸ್ವಲ್ಪ ಉದ್ದಕ್ಕೆ ಬರೆಯಿರಿ.

ದೇಬಾಕಣಿವೆ

ಉಂಟು. ಗೆತಾರಿಯಾ, ಸರೌಟ್ಸ್ ಊರುಗಳ ಲಾಂಛನದಲ್ಲಿ ತಿಮಿಂಗಿಲ ಇದೆ.

ಮೊದಲು ದಡದ ಬೇಟೆ. ಚಳಿಗಾಲದಲ್ಲಿ ರೈಟ್ ವ್ಹೇಲ್ ಜಾತಿಯ ತಿಮಿಂಗಿಲಗಳು ಈ ಕೊಲ್ಲಿಗೆ ಬರುತ್ತಿದ್ದವು. ಗುಡ್ಡದ ನೆತ್ತಿಯಲ್ಲಿ ಕಾವಲುಗಾರ ಕೂತು ಉಸಿರಿನ ಕಾರಂಜಿ ಕಂಡ ಕೂಡಲೇ ಹೊಗೆ ಹಾಕುತ್ತಿದ್ದ. ಹುಟ್ಟುದೋಣಿಗಳು ಪೈಪೋಟಿಯಲ್ಲಿ ನುಗ್ಗುತ್ತಿದ್ದವು. ಕೊಬ್ಬು ಕಾಯಿಸಿ ತೆಗೆದ ಎಣ್ಣೆ ಯುರೋಪಿನ ದೀಪಕ್ಕೆ. ಹುಟ್ಟುದೋಣಿಗಳ ಆ ಪೈಪೋಟಿ ಈಗ ಆಟ ಆಗಿದೆ, ಸೆಪ್ಟೆಂಬರಿನಲ್ಲಿ ದೊನೊಸ್ತಿಯಾದ ಕೊಂಚಾ ಕೊಲ್ಲಿಯಲ್ಲಿ 13 ಜನ ಹುಟ್ಟು ಹಾಕುವ ತ್ರೈನೆರಾ ದೋಣಿಗಳ ಸ್ಪರ್ಧೆ. 1879ರಿಂದ ನಡೆಯುತ್ತಿದೆ. ಮೀನು ಹಿಡಿದು ಮೊದಲು ದಡ ಮುಟ್ಟಿದವನಿಗೆ ಒಳ್ಳೆ ಬೆಲೆ ಸಿಗುತ್ತಿದ್ದ ಕಾಲದ ದೋಣಿ ಅದು.

16ನೇ ಶತಮಾನಕ್ಕೆ ಇವರು ಅಟ್ಲಾಂಟಿಕ್ ದಾಟಿ ಕೆನಡಾದ ಲ್ಯಾಬ್ರಡಾರ್ ಕರಾವಳಿಗೇ ಹೋಗಿ ಅಲ್ಲೇ ಒಲೆ ಕಟ್ಟಿ ಕೊಬ್ಬು ಕಾಯಿಸಿ, ಪೀಪಾಯಿ ತುಂಬಿ ತರತೊಡಗಿದರು. ಕುಡಿಯಲು ಸಗಾರ್ದೊ ಪೀಪಾಯಿಗಳು. ನೀರು ಕೆಟ್ಟುಹೋಗುತ್ತಿತ್ತು, ಇದು ತಡೆಯುತ್ತಿತ್ತು. ಈ ಇಡೀ ಕಥೆ ಮರೆತೇ ಹೋಗಿತ್ತು. ಮತ್ತೆ ಬೆಳಕಿಗೆ ತಂದದ್ದು ಸೆಲ್ಮಾ ಬಾರ್ಕಮ್ ಎಂಬ ಮಹಿಳೆ. 1970ರ ದಶಕದಲ್ಲಿ ಒನ್ಯಾತಿ ಊರಿನಲ್ಲಿ ಮನೆ ಮಾಡಿ, ಅಲ್ಲಿನ ದಫ್ತರಖಾನೆಯ ಹಳೆಯ ನೋಟರಿ ಪತ್ರಗಳನ್ನು ಒಂದೊಂದಾಗಿ ಓದಿದರು. ಸಾಲಪತ್ರ, ಹಡಗಿನ ವಿಮೆ, ಕೂಲಿ ಕರಾರು, ಮರಣಶಾಸನ, ವ್ಯಾಜ್ಯ. ಒಣ ಕಾಗದಗಳಿಂದಲೇ ಲ್ಯಾಬ್ರಡಾರಿನ ಯಾವ ಕೊಲ್ಲಿಯಲ್ಲಿ ಯಾವ ಹಡಗು ಮುಳುಗಿತು ಅಂತ ಗುರುತು ಹಚ್ಚಿದರು. 1978ರಲ್ಲಿ ಕೆನಡಾದ ಪುರಾತತ್ತ್ವದವರು ರೆಡ್ ಬೇ ಎಂಬಲ್ಲಿ ಮುಳುಗಿ ನೋಡಿದರೆ ಹಡಗು ಅಲ್ಲೇ ಇತ್ತು! 1565ರಲ್ಲಿ ಎಣ್ಣೆ ತುಂಬಿಕೊಂಡು ಹೊರಡುವ ಹೊತ್ತಿಗೆ ಬಿರುಗಾಳಿಗೆ ಮುಳುಗಿದ ಸಾನ್ ಹುವಾನ್ ಅದು ಅಂತ ಪಂಡಿತರ ಅಭಿಪ್ರಾಯ. ರೆಡ್ ಬೇ 2013ರಿಂದ ವಿಶ್ವ ಪರಂಪರೆಯ ತಾಣ.

ಪಸಾಯಾದಲ್ಲಿ ಅಲ್ಬಾವೊಲಾ ಎಂಬ ದೋಣಿಶಾಲೆ ಇದೆ. ಆ ಅವಶೇಷದ ಅಳತೆ ಹಿಡಿದು ಅದೇ ಹಡಗನ್ನು ಹಳೆಯ ರೀತಿಯಲ್ಲೇ ಮತ್ತೆ ಕಟ್ಟಿ 2024ರ ನವೆಂಬರಿನಲ್ಲಿ ನೀರಿಗಿಳಿಸಿದರು. ಕೆಲಸ ನಡೆಯುತ್ತಿದ್ದಾಗ ನಾನೂ ಹೋಗಿದ್ದೆ. ಓಕ್ ಹಲಗೆಗಳ ಸಂದಿಗೆ ನಾರು ತುರುಕಿ, ಕೊಡತಿಯಲ್ಲಿ ಬಡಿದು, ಮೇಲೆ ಕೀಲೆಣ್ಣೆ ಬಳಿಯುತ್ತಿದ್ದರು. ಆ ವಾಸನೆ ಬಟ್ಟೆ ಬಿಡಲು ಎರಡು ಸಲ ಒಗೆಯಬೇಕಾಯಿತು.

ಮಲ್ಪೆಯವ

ನಾರು ತುರುಕಿ ಎಣ್ಣೆ ಬಳಿಯುವುದು ನಮ್ಮ ಹಳೇ ಮರದ ದೋಣಿಯವರಿಗೂ ಗೊತ್ತು. ಈಗ ಎಲ್ಲ ಫೈಬರ್. ತಿಮಿಂಗಿಲ ಬೇಟೆ ಯಾವಾಗ ನಿಂತಿತು?

ಕರಣಿಕ

ತಿಮಿಂಗಿಲವೇ ಮುಗಿದಾಗ. ಈ ಕರಾವಳಿಯ ಕೊನೆಯ ರೈಟ್ ವ್ಹೇಲ್ ಕೊಂದದ್ದು ಓರಿಯೊ ಊರಿನವರು, 1901ರ ಮೇ ತಿಂಗಳಲ್ಲಿ. ಅದಕ್ಕೆ ಹಾಡೂ ಇದೆ, ಹಬ್ಬವೂ ಇದೆ. ಹೆಮ್ಮೆ ಪಡಬೇಕೋ ಬೇಡವೋ ನೀವೇ ಹೇಳಿ.

ದೂರದ ಬೇಟೆಗೆ ಬೇರೆಯದೇ ಕಷ್ಟ ಬಂತು. 1615ರಲ್ಲಿ ಐಸ್ಲೆಂಡಿನಲ್ಲಿ ಇವರ ಹಡಗುಗಳು ಒಡೆದು ಜನ ದಡದಲ್ಲಿ ಸಿಕ್ಕಿಕೊಂಡರು. ಅಲ್ಲಿನ ಅಧಿಕಾರಿ ಆರಿ ಮಾಗ್ನುಸ್ಸೊನ್ ಆಜ್ಞೆಯಂತೆ 30ಕ್ಕೂ ಹೆಚ್ಚು ಬಾಸ್ಕರನ್ನು ಕೊಂದರು. ಕಂಡಲ್ಲಿ ಕೊಲ್ಲಿ ಎಂಬ ಆ ಆಜ್ಞೆಯನ್ನು ಅಧಿಕೃತವಾಗಿ ರದ್ದುಮಾಡಿದ್ದು 2015ರಲ್ಲಿ, 400 ವರ್ಷದ ಸ್ಮರಣೆಯ ಹೊತ್ತಿಗೆ. ಅದೇ ಐಸ್ಲೆಂಡಿನಲ್ಲಿ 17ನೇ ಶತಮಾನದ ಬಾಸ್ಕ್–ಐಸ್ಲೆಂಡಿಕ್ ಪದಪಟ್ಟಿಗಳೂ ಸಿಕ್ಕಿವೆ. ವ್ಯಾಪಾರವೂ ಇತ್ತು, ಕೊಲೆಯೂ ಇತ್ತು.

ಅಡ್ಡಮಾತು

ಎಲ್ಲರೂ ಸಾಹಸಗಾಥೆ ಹಾಡ್ತಾ ಇದ್ದೀರ. ನಾನು ಸ್ವಲ್ಪ ಅಡ್ಡ ಬರ್ತೀನಿ.

ಎಲ್ಕಾನೊ ಗೆತಾರಿಯಾದವ. 1519ರಲ್ಲಿ ಮೆಗೆಲನ್ ಜೊತೆ ಹೊರಟ ಐದು ಹಡಗಿನಲ್ಲಿ 1522ಕ್ಕೆ ಸುತ್ತು ಮುಗಿಸಿದ್ದು ಒಂದೇ, ಅದರಲ್ಲಿ ಇದ್ದವರು 18 ಜನ. ಸರಿ, ದೊಡ್ಡ ಕೆಲಸ. ಆದ್ರೆ ಹೋಗಿದ್ದು ಯಾಕೆ? ಲವಂಗಕ್ಕೆ. ಮತ್ತೆ ಹೊರಟು 1526ರಲ್ಲಿ ಪೆಸಿಫಿಕ್ ಮಧ್ಯೆ ಸತ್ತ. ಅವನ ಮರಣಶಾಸನಕ್ಕೆ ಸಾಕ್ಷಿ ಹಾಕಿದವರಲ್ಲಿ ಒರ್ದಿಸಿಯಾದ ಹುಡುಗ ಉರ್ದನೇತಾ ಒಬ್ಬ. ಇದೇ ಉರ್ದನೇತಾ ಮುಂದೆ ಸನ್ಯಾಸಿ ಆಗಿ, 1565ರಲ್ಲಿ ಫಿಲಿಪೀನ್ಸಿಂದ ಮೆಕ್ಸಿಕೋಗೆ ಮರಳೋ ಗಾಳಿದಾರಿ ಕಂಡುಹಿಡಿದ. ಅವನು ಹೋಗಿದ್ದ ಹಡಗುದಂಡಿಗೆ ನಾಯಕ ಯಾರು? ಸುಮಾರಾಗಾದ ಲೆಗಾಸ್ಪಿ, ಮೆಕ್ಸಿಕೋದಲ್ಲಿ ಗುಮಾಸ್ತೆ ಕೆಲಸ ಮಾಡ್ಕೊಂಡಿದ್ದವ. 1571ಕ್ಕೆ ಮನಿಲಾ. ಫಿಲಿಪೀನ್ಸಿನವರು 300 ವರ್ಷ ಆಳಿಸಿಕೊಂಡ್ರು. ಒಂದೇ ಪ್ರಾಂತ್ಯದ ಮೂವರು ಕೈಯಿಂದ ಕೈಗೆ ದಾಟಿಸಿದ ವಸಾಹತು ಅದು.

ಆಮೇಲೆ ಕಾರಾಕಾಸ್ ಕಂಪನಿ. 1728ರಲ್ಲಿ ರಾಜನ ಸನ್ನದಿನ ಮೇಲೆ ಗಿಪುಸ್ಕೊವಾದ ದುಡ್ಡಿನವರು ಕಟ್ಟಿದ್ದು. ವೆನೆಜುವೆಲಾದ ಕೋಕೋ ಇವರೇ ಕೊಳ್ಳಬೇಕು, ಯುರೋಪಿನ ಸಾಮಾನು ಇವರೇ ಮಾರಬೇಕು, ಕಳ್ಳಸಾಗಣೆ ತಡೆಯೋ ಬಂದೂಕಿನ ದೋಣಿಗಳೂ ಇವರದೇ. ಬೆಲೆ ಇಳಿಸಿ ಇಳಿಸಿ ಬೆಳೆಗಾರರ ಹೊಟ್ಟೆಗೆ ಹೊಡೆದ್ರು. 1749ರಲ್ಲಿ ಹುವಾನ್ ಫ್ರಾನ್ಸಿಸ್ಕೊ ದೆ ಲಿಯೊನ್ ಅನ್ನೋ ಬೆಳೆಗಾರ ಜನ ಕಟ್ಟಿಕೊಂಡು ಕಾರಾಕಾಸಿಗೇ ನುಗ್ಗಿದ. ಕಂಪನಿ 1785ರವರೆಗೆ ಬಾಳ್ತು. ದೊನೊಸ್ತಿಯಾದ ಚಂದದ ಚರ್ಚು, ಮಹಲುಗಳಲ್ಲಿ ಆ ಕೋಕೋ ದುಡ್ಡು ಎಷ್ಟು ಸೇರಿದೆ ಅಂತ ಯಾರಾದ್ರೂ ಕೇಳ್ತೀರಾ?

ನಕಾಶೆಪ್ರಿಯ

ಕೇಳಬೇಕಾದ್ದೇ. ಅದೇ ದುಡ್ಡು ಇನ್ನೊಂದು ಕಡೆಗೂ ಹರಿಯಿತು ಅನ್ನುವುದನ್ನು ಸೇರಿಸುತ್ತೇನೆ. 1760ರ ದಶಕದಲ್ಲಿ ಅಸ್ಕೊಯ್ತಿಯಾದ ಕೆಲವು ಸಾಹುಕಾರರು ಸೇರಿ ವಿಜ್ಞಾನ–ಕೃಷಿ ಸುಧಾರಣೆಗೆಂದು ಬಾಸ್ಕ್ ಗೆಳೆಯರ ಸಂಘ ಕಟ್ಟಿದರು. ಅದರ ಶಾಲೆ ಬೆರ್ಗಾರಾದಲ್ಲಿ ಶುರುವಾಯಿತು. ಆ ಶಾಲೆಯ ಪ್ರಯೋಗಾಲಯದಲ್ಲಿ 1783ರಲ್ಲಿ ಎಲುಯಾರ್ ಸೋದರರು ವೊಲ್ಫ್ರಮೈಟ್ ಅದಿರಿನಿಂದ ಟಂಗ್‌ಸ್ಟನ್ ಲೋಹ ಬೇರ್ಪಡಿಸಿದರು. ನಾವು ಚಿಕ್ಕವರಿದ್ದಾಗ ಉರಿದ ಬಲ್ಬುಗಳ ತಂತಿ ಅದೇ ಲೋಹದ್ದು.

ಕುಡ್ಲದ ಓದುಗ

ಲೊಯೊಲಾ ಬಗ್ಗೆ ಎರಡು ಮಾತು, ಮಂಗಳೂರಿನ ಕಡೆಯಿಂದ.

1491ರಲ್ಲಿ ಅಸ್ಪೆಯ್ತಿಯಾದ ಮೇಲೆ ಹೇಳಿದ ಗೋಪುರದ ಮನೆಯಲ್ಲೇ ಹುಟ್ಟಿದವರು ಇಗ್ನೇಷಿಯಸ್. ಮೊದಲು ಸಿಪಾಯಿ. 1521ರಲ್ಲಿ ಪಂಪ್ಲೋನಾ ಕೋಟೆಯಲ್ಲಿ ಕ್ಯಾಸ್ಟೈಲ್ ಪರ ಹೋರಾಡುವಾಗ ಗುಂಡು ತಾಗಿ ಕಾಲು ಮುರಿಯಿತು. ಊರಿಗೆ ಹೊತ್ತು ತಂದು ಮಲಗಿಸಿದರು, ಅಲ್ಲಿ ಓದಿಗೆ ಸಿಕ್ಕಿದ್ದು ಸಂತರ ಕಥೆಗಳು. ಅಲ್ಲಿಂದ ದಾರಿ ಬದಲಾಯಿತು. ತಮಾಷೆ ನೋಡಿ, ಆ ಯುದ್ಧದಲ್ಲಿ ನವಾರಾದ ಫ್ರಾನ್ಸಿಸ್ ಝೇವಿಯರ್ ಅವರ ಅಣ್ಣಂದಿರು ಎದುರು ಪಕ್ಷ. ಆಮೇಲೆ ಪ್ಯಾರಿಸ್ಸಿನಲ್ಲಿ ಇಬ್ಬರೂ ಗೆಳೆಯರಾಗಿ, 1540ರಲ್ಲಿ ಪೋಪ್ ಒಪ್ಪಿಗೆ ಸಿಕ್ಕಿ ಜೆಸ್ವಿಟ್ ಸಂಘ ಆಯಿತು. 1542ರಲ್ಲಿ ಝೇವಿಯರ್ ಗೋವಾಕ್ಕೆ ಬಂದರು. ಮಂಗಳೂರಿಗೆ ಜೆಸ್ವಿಟರು ನೆಲೆಯೂರಲು ಬಂದದ್ದು 1878ರ ಕೊನೆಗೆ, 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು. ನಮ್ಮ ಮನೆಯಲ್ಲಿ ಮೂರು ತಲೆಮಾರು ಅಲ್ಲೇ ಓದಿದ್ದು.

ಪಟ್ಟಣದವ

ನಮ್ದು ಶ್ರೀರಂಗಪಟ್ಟಣ ಕಣ್ರೀ. ನಮ್ಮೂರಿಗೂ ದೊನೊಸ್ತಿಯಾಕ್ಕೂ ಒಂದು ಕೆಟ್ಟ ನಂಟು ಐತೆ, ಇಲ್ಲಿ ಯಾರೂ ಹೇಳಿಲ್ಲ.

1799ರ ಮೇ 4, ಟಿಪ್ಪು ಬಿದ್ದ ದಿನ. ಆ ರಾತ್ರಿ ಪೂರ್ತಿ ಊರು ಲೂಟಿ. ಮಾರನೇ ದಿನ ಅಧಿಕಾರ ತಗೊಂಡ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಕೆಲವರನ್ನ ಗಲ್ಲಿಗೇರಿಸಿ, ಕೆಲವರಿಗೆ ಛಡಿ ಏಟು ಹೊಡ್ಸಿ ದಂಡನ್ನ ಹತೋಟಿಗೆ ತಂದ. ಆಮೇಲೆ ವರ್ಷಗಟ್ಟಲೆ ಇಲ್ಲೇ ಇದ್ದ, ದರಿಯಾ ದೌಲತ್ತಿನಲ್ಲೇ ವಾಸ.

14 ವರ್ಷ ಬುಟ್ಟು ನೋಡಿ. ಅದೇ ಮನುಷ್ಯ ಈಗ ವೆಲ್ಲಿಂಗ್ಟನ್, ಸ್ಪೇನಿನಲ್ಲಿ ನೆಪೋಲಿಯನ್ ಸೇನೆ ಓಡಿಸ್ತಾ ಅವ್ನೆ. ದೊನೊಸ್ತಿಯಾದಲ್ಲಿ ಫ್ರೆಂಚರು ಕೋಟೆ ಹಾಕ್ಕೊಂಡು ಕೂತವ್ರೆ. 1813ರ ಜುಲೈನಲ್ಲಿ ಒಂದು ದಾಳಿ ಸೋತೋಯ್ತು. ಆಗಸ್ಟ್ 31ರಂದು ಜನರಲ್ ಗ್ರಹಾಂ ಕೈಕೆಳಗಿನ ಇಂಗ್ಲಿಷ್–ಪೋರ್ಚುಗೀಸ್ ದಂಡು ಗೋಡೆ ಒಡೆದು ನುಗ್ತು. ಬುಡಿಸಕ್ಕೆ ಬಂದವರು ಅಂತ ಊರಿನವರು ಅಂದ್ಕೊಂಡಿದ್ರು. ಬಂದವರು ಲೂಟಿ, ಅತ್ಯಾಚಾರ, ಕೊಲೆ, ಬೆಂಕಿ. ದಿನಗಟ್ಟಲೆ ಉರೀತು. ಸುಮಾರು 600 ಮನೆಯಲ್ಲಿ ಉಳಿದದ್ದು 40ರ ಆಸುಪಾಸು, ಅವೂ ಒಂದೇ ಬೀದಿ ಸಾಲಿನವು. ಬೇಕಂತಲೇ ಸುಟ್ಟರು ಅನ್ನೋ ಆರೋಪಾನ ವೆಲ್ಲಿಂಗ್ಟನ್ ಒಪ್ಪಲಿಲ್ಲ. ಆ ಬೀದಿಗೆ ಈಗ ಆಗಸ್ಟ್ 31ರ ಬೀದಿ ಅಂತಲೇ ಹೆಸರು. ಪ್ರತಿ ವರ್ಷ ಆ ದಿನ ಮೇಣದಬತ್ತಿ ಹಚ್ತಾರೆ. ಬೆಂಕಿ ಆರೋ ಮುಂಚೆನೇ ಊರ ಮುಖಂಡರು ಸುಬಿಯೆತಾ ಅನ್ನೋ ಹಳ್ಳೀಲಿ ಸೇರಿ ಮತ್ತೆ ಕಟ್ಟೋದು ಅಂತ ನಿರ್ಧಾರ ಮಾಡಿದ್ರು. ಪ್ರವಾಸಿಗರು ಈಗ ಸಣ್ಣ ತಟ್ಟೆ ತಿನಿಸು ತಿನ್ನಕ್ಕೆ ಓಡಾಡೋ ಹಳೇಪೇಟೆ ಎಲ್ಲ 1813ರ ಆಚೆಗೆ ಕಟ್ಟಿದ್ದು.

ಅಡ್ಡಮಾತು

ಪಟ್ಟಣದವರೇ, ಇದು ಗೊತ್ತಿರಲಿಲ್ಲ. ಒಂದು ಊರಲ್ಲಿ ಲೂಟಿ ನಿಲ್ಲಿಸಿದವನು ಅಂತ ಹೊಗಳಿಸಿಕೊಂಡವನ ಸೇನೆ ಇನ್ನೊಂದು ಊರಲ್ಲಿ ಮಿತ್ರರನ್ನೇ ಸುಲೀತು ಅನ್ನಿ.

ಕರಣಿಕ

ಈಗ ನನ್ನ ವಿಷಯಕ್ಕೆ ಬರೋಣ. ಈ ಪ್ರಾಂತ್ಯದ ಬೆನ್ನೆಲುಬು ಫುಯೆರೊ, ಅಂದರೆ ತಲೆಮಾರಿನಿಂದ ಬಂದ ಸ್ಥಳೀಯ ಹಕ್ಕು–ಕಟ್ಟಳೆಗಳ ಗಂಟು. ರಾಜ ಯಾರೇ ಬರಲಿ, ಅವನ್ನು ಪಾಲಿಸುತ್ತೇನೆ ಎಂದು ಮಾತು ಕೊಡಬೇಕಿತ್ತು. ಊರೂರಿನ ಪ್ರತಿನಿಧಿಗಳ ಮಹಾಸಭೆ ಸೇರಿ ಲೆಕ್ಕ ನೋಡುತ್ತಿತ್ತು. ಸುಂಕದ ಕಟ್ಟೆ ಕಡಲದಡದಲ್ಲಿ ಇರಲಿಲ್ಲ, ಒಳಗೆ ಎಬ್ರೊ ನದಿಯ ಕಡೆ ಇತ್ತು. ಹೊರಗಿನ ಗೋಧಿ, ಬಟ್ಟೆ ಸುಂಕವಿಲ್ಲದೆ ಈ ಪ್ರಾಂತ್ಯಕ್ಕೆ ಬರುತ್ತಿತ್ತು. ಬೆಳೆಯದ ನಾಡಿಗೆ ಇದು ಅನ್ನದ ಪ್ರಶ್ನೆ. 1718ರಲ್ಲಿ ಸುಂಕದ ಕಟ್ಟೆಯನ್ನು ದಡಕ್ಕೆ ತಂದಾಗ ಜನ ದಂಗೆ ಎದ್ದರು, ಸರಕಾರ ಹಿಂದೆ ಸರಿಯಿತು. ಕೊನೆಗೂ 1841ರಲ್ಲಿ ಕಟ್ಟೆ ದಡಕ್ಕೆ ಬಂತು. ಆಗ ಒಳನಾಡಿನ ಸ್ಪೇನ್ ಮಾರುಕಟ್ಟೆ ತೆರೆದುಕೊಂಡು ತೊಲೊಸಾದ ಕಾಗದದ ಕಾರ್ಖಾನೆಗಳಂಥವು ಎದ್ದವು.

ಸ್ಪೇನಿನ ಪಟ್ಟಕ್ಕಾಗಿ ನಡೆದ ಕಾರ್ಲಿಸ್ಟ್ ಯುದ್ಧಗಳು ಮುಗಿದ ಮೇಲೆ 1876ರಲ್ಲಿ ಫುಯೆರೊ ರದ್ದು. ಆದರೆ 1878ರಲ್ಲಿ ಒಂದು ಹಣಕಾಸು ಒಪ್ಪಂದ: ತೆರಿಗೆ ಪ್ರಾಂತ್ಯವೇ ವಸೂಲಿ ಮಾಡಲಿ, ಮ್ಯಾಡ್ರಿಡ್‌ಗೆ ಗೊತ್ತಾದ ಮೊತ್ತ ಕಟ್ಟಲಿ. 1937ರಲ್ಲಿ, ಅಂತರ್ಯುದ್ಧದ ನಡುವೆ, ಸರ್ವಾಧಿಕಾರಿ ಫ್ರಾಂಕೊ ಗಿಪುಸ್ಕೊವಾ ಮತ್ತು ಪಕ್ಕದ ಪ್ರಾಂತ್ಯ ಬಿಸ್ಕಾಯಾವನ್ನು ದ್ರೋಹಿಗಳೆಂದು ಕರೆದು ಅದನ್ನೂ ಕಿತ್ತುಕೊಂಡ. ತನ್ನ ಪರ ನಿಂತ ಅಲಾವಾ, ನವಾರಾಕ್ಕೆ ಉಳಿಸಿದ. 1981ರಲ್ಲಿ ಮತ್ತೆ ಬಂತು. ಇವತ್ತಿಗೂ ಆದಾಯ ತೆರಿಗೆ, ಕಂಪನಿ ತೆರಿಗೆ ಎಲ್ಲ ಪ್ರಾಂತ್ಯದ ಖಜಾನೆಗೇ. ಸೇನೆ, ರಾಯಭಾರದಂಥ ಕೇಂದ್ರದ ಖರ್ಚಿನಲ್ಲಿ ಬಾಸ್ಕ್ ನಾಡಿನ ಪಾಲು ಶೇ. 6.24 ಎಂದು ಲೆಕ್ಕ ಹಾಕಿ ಮ್ಯಾಡ್ರಿಡ್‌ಗೆ ಕಟ್ಟುತ್ತಾರೆ.

ಮಲ್ಪೆಯವ

ಕೇಂದ್ರ ನಮಗೆ ಕೊಡುವುದಲ್ಲ, ನಾವೇ ಕೇಂದ್ರಕ್ಕೆ ಕೊಡುವುದು! ಇಲ್ಲಿ ಯಾರಿಗಾದರೂ ಹೇಳಿದರೆ ನಂಬುತ್ತಾರಾ?

ನಕಾಶೆಪ್ರಿಯ

ಜಿಎಸ್‌ಟಿ ಜಗಳ ಇಲ್ಲಿ ಬೇಡ ಮಹನೀಯರೇ, ಅದಕ್ಕೆ ಬೇರೆ ಎಳೆ ತೆರೆಯೋಣ. ಸ್ಪೇನಿನ ಉಳಿದ ಪ್ರಾಂತ್ಯದವರಿಗೂ ಈ ಲೆಕ್ಕದ ಮೇಲೆ ಹೊಟ್ಟೆಕಿಚ್ಚು, ತಕರಾರು ಎರಡೂ ಇದೆ ಎಂದಷ್ಟು ಹೇಳಿ ಮುಂದೆ ಹೋಗೋಣ. ದೇಬಾಕಣಿವೆ ಅವರೇ, ಕಾರ್ಖಾನೆ ಬಗ್ಗೆ?

ದೇಬಾಕಣಿವೆ

ಕಬ್ಬಿಣವೇ ಬೇರು. ಇಳಿಜಾರಿನ ತೊರೆಯಲ್ಲಿ ನೀರಿನ ಚಕ್ರ ತಿರುಗಿಸಿ, ಅದರಿಂದಲೇ ತಿದಿ, ಅದರಿಂದಲೇ ಸುತ್ತಿಗೆ. ಲೆಗಸ್ಪಿ ಊರಿನ ಮಿರಂದವೊಲಾ ಕುಲುಮೆಯಲ್ಲಿ ಈಗಲೂ ಓಡಿಸಿ ತೋರಿಸುತ್ತಾರೆ, ಸುತ್ತಿಗೆ ಬಿದ್ದಾಗ ಕಾಲಡಿಯ ನೆಲ ನಡುಗುತ್ತದೆ. ಐಬಾರಿನವರು ಆ ಕಬ್ಬಿಣದಲ್ಲಿ ಬಂದೂಕು ಮಾಡಿದರು. ಮೊದಲ ಮಹಾಯುದ್ಧ ಮುಗಿದು ಬಂದೂಕಿನ ಗಿರಾಕಿ ಕಮ್ಮಿಯಾದಾಗ ಅದೇ ಲೇತು, ಅದೇ ಕೈಗಳಿಂದ ಸೈಕಲ್ಲು, ಹೊಲಿಗೆ ಯಂತ್ರ. ಒರ್ಬೆಯಾ ಸೈಕಲ್ ಬೇರು ಅಲ್ಲಿಯ ಬಂದೂಕಿನ ಅಂಗಡಿ. ಆಲ್ಫಾ ಹೊಲಿಗೆ ಯಂತ್ರ ಮಾಡಿದ್ದು ಬಂದೂಕಿನ ಕೆಲಸಗಾರರ ಸಹಕಾರ ಸಂಘ. 1931ರ ಏಪ್ರಿಲ್ 14ರ ಬೆಳಿಗ್ಗೆ ಮ್ಯಾಡ್ರಿಡ್‌ಗಿಂತ ಮೊದಲೇ ಗಣರಾಜ್ಯ ಘೋಷಿಸಿದ ಊರೂ ಇದೇ.

ಕಣಿವೆಯ ಮೇಲ್ಭಾಗದಲ್ಲಿ ಮೊಂದ್ರಾಗೊನ್. 1941ರಲ್ಲಿ ಅರಿಸ್ಮೆಂದಿಯರಿಯೆತಾ ಎಂಬ ಪಾದ್ರಿ ಬಂದರು. ಅಂತರ್ಯುದ್ಧ ಆಗಷ್ಟೇ ಮುಗಿದು ಊರು ಸೊರಗಿತ್ತು. 1943ರಲ್ಲಿ ತಾಂತ್ರಿಕ ಶಾಲೆ ತೆರೆದರು, ಅಲ್ಲಿ ಕಲಿತ ಐವರು 1956ರಲ್ಲಿ ಉಲ್ಗೊರ್ ಎಂಬ ಸ್ಟೌವ್ ಕಾರ್ಖಾನೆ ಹಾಕಿದರು. 1959ರಲ್ಲಿ ತಮ್ಮದೇ ಬ್ಯಾಂಕು. ಈಗ ಇಡೀ ಗುಂಪಿನಲ್ಲಿ 70 ಸಾವಿರದಷ್ಟು ಜನ. ಕೆಲಸಗಾರನೇ ಪಾಲುದಾರ, ಒಬ್ಬರಿಗೆ ಒಂದು ಮತ, ದೊಡ್ಡ ಸಂಬಳಕ್ಕೂ ಸಣ್ಣ ಸಂಬಳಕ್ಕೂ ನಡುವೆ ಮಿತಿ.

ಇದನ್ನು ಸ್ವರ್ಗ ಅಂತ ಬರೆಯುವವರ ಮೇಲೆ ನನಗೆ ಸಿಟ್ಟು. 2013ರಲ್ಲಿ ಗುಂಪಿನ ಹೆಮ್ಮೆಯಾಗಿದ್ದ ಫಾಗೊರ್ ಗೃಹೋಪಕರಣ ಕಂಪನಿ ದಿವಾಳಿಯಾಯಿತು. ತುಂಬಾ ಸದಸ್ಯರಿಗೆ ಬೇರೆ ಸಹಕಾರಿಗಳಲ್ಲಿ ಜಾಗ ಸಿಕ್ಕಿತು, ಅದು ಮಾಮೂಲಿ ಕಂಪನಿಯಲ್ಲಿ ಆಗುತ್ತಿರಲಿಲ್ಲ ನಿಜ. ಆದರೆ ಅದರಲ್ಲಿಟ್ಟ ಉಳಿತಾಯ ಹೋದವರು ಇನ್ನೂ ಬೈಯುತ್ತಾರೆ. ಹೊರದೇಶದ ಘಟಕಗಳ ಕೆಲಸಗಾರರು ಬಹುಪಾಲು ಪಾಲುದಾರರಲ್ಲ, ಬರೀ ನೌಕರರು.

ಇನ್ನೊಂದು ಸಣ್ಣ ನಂಟು: ದೆಹಲಿಯ ಏರ್‌ಪೋರ್ಟ್ ಮೆಟ್ರೊ ರೈಲುಗಳನ್ನು ಮಾಡಿದ್ದು ಓರಿಯಾ ಕಣಿವೆಯ ಬೆಯಸಾಯಿನ್ ಮೂಲದ ಸಿಎಎಫ್ ಎಂಬ ಕಂಪನಿ.

ಕುಡ್ಲದ ಓದುಗ

ಗಲಾಟೆಯ ಕಾಲದ ಬಗ್ಗೆ ಯಾರೂ ಬರೆಯುತ್ತಿಲ್ಲ. ಈಗ ಹೇಗುಂಟು?

ದೇಬಾಕಣಿವೆ

ಶಾಂತ. ಫ್ರಾಂಕೊ ಕಾಲದಲ್ಲಿ ಹುಟ್ಟಿದ, ಪ್ರತ್ಯೇಕ ಬಾಸ್ಕ್ ದೇಶಕ್ಕಾಗಿ ಬಂದೂಕು ಹಿಡಿದ ಇಟಿಎ ಗುಂಪು ಒಟ್ಟು 800ಕ್ಕೂ ಹೆಚ್ಚು ಜನರನ್ನು ಕೊಂದಿತು, ಬಹಳಷ್ಟು ಇದೇ ಪ್ರಾಂತ್ಯದಲ್ಲಿ. ಪೊಲೀಸರ ಚಿತ್ರಹಿಂಸೆ, ಸರಕಾರದ ಒಳಗಿನವರೇ ಸಾಕಿದ ಕೊಲೆಪಡೆ ಕೂಡ ಇತ್ತು. 2011ರ ಅಕ್ಟೋಬರಿನಲ್ಲಿ ದೊನೊಸ್ತಿಯಾದ ಐಯೆತೆ ಅರಮನೆಯಲ್ಲಿ ಸಭೆ ನಡೆಯಿತು, ಕೆಲವೇ ದಿನದಲ್ಲಿ ಇಟಿಎ ಬಂದೂಕು ನಿಲ್ಲಿಸಿತು, 2018ರಲ್ಲಿ ವಿಸರ್ಜನೆ. ಊಟದ ಮೇಜಿನಲ್ಲಿ ಈ ಮಾತು ಬಂದರೆ ನನ್ನ ಸಹೋದ್ಯೋಗಿಗಳು ಫುಟ್‌ಬಾಲ್ ಕಡೆಗೆ ಹೊರಳುತ್ತಾರೆ. ನಾನೂ ಕೆದಕುವುದಿಲ್ಲ.

ಭಾಷೆಯನ್ನು ಮಾತ್ರ ದಿನಾ ಕೇಳುತ್ತೇನೆ. ಬೇರೆ ಯಾವ ಭಾಷೆಗೂ ಸಂಬಂಧ ಸಿಗದ ಯೂಸ್ಕಾರಾ, ಅಂದರೆ ಬಾಸ್ಕ್ ಭಾಷೆ. ಮೂರು ಪ್ರಾಂತ್ಯಗಳ ಬಾಸ್ಕ್ ಸ್ವಾಯತ್ತ ನಾಡಿನಲ್ಲಿ ಅದನ್ನು ಬಲ್ಲವರ ಪ್ರಮಾಣ ಹೆಚ್ಚಿರುವುದು ಇಲ್ಲೇ, ಅರ್ಧದಷ್ಟು. ಊರೂರಿಗೆ ಬೇರೆ ಮಾತು ಇದ್ದದ್ದರಿಂದ 1968ರಲ್ಲಿ ಒನ್ಯಾತಿಯ ಅರಂತ್ಸಸು ಮಠದಲ್ಲಿ ಪಂಡಿತರು ಸೇರಿ ಬರಹಕ್ಕೊಂದು ಸಾಮಾನ್ಯ ರೂಪ ಗೊತ್ತುಮಾಡಿದರು. ಮುಂದಾಳು ಎರೆಂತೆರಿಯಾದ ಕೊಲ್ದೊ ಮಿಚೆಲೆನಾ. ಶಾಲೆ, ಟಿವಿ, ಕಚೇರಿ ಎಲ್ಲ ಆ ರೂಪದಲ್ಲೇ.

ಪಟ್ಟಣದವ

ಆರು ತಿಂಗಳು ಸ್ಪೇನು, ಆರು ತಿಂಗಳು ಫ್ರಾನ್ಸು ಆಳೋ ನಡುಗಡ್ಡೆ ಇದೇ ಕಡೆ ಅಲ್ವಾ?

ಕರಣಿಕ

ಹೌದು, ಬಿದಸೋವಾ ನದಿಯ ಫೆಸೆಂಟ್ ದ್ವೀಪ. ಉದ್ದ ಸುಮಾರು 200 ಮೀಟರ್, ಅಗಲ 40. ಫೆಬ್ರುವರಿ 1ರಿಂದ ಜುಲೈ 31ರವರೆಗೆ ಸ್ಪೇನ್, ಉಳಿದರ್ಧ ಫ್ರಾನ್ಸ್. 1659ರಲ್ಲಿ ಎರಡು ರಾಜ್ಯಗಳ ಪಿರಿನೀಸ್ ಒಪ್ಪಂದ ಇಲ್ಲೇ ಆಯಿತು, ಮರುವರ್ಷ 14ನೇ ಲೂಯಿ ಮದುವೆಯ ಹೆಣ್ಣನ್ನು ಇಲ್ಲೇ ಒಪ್ಪಿಸಿದರು. ಪಕ್ಕದ ಒಂದಾರಿಬಿಯಾ 1638ರಲ್ಲಿ ಎರಡು ತಿಂಗಳ ಫ್ರೆಂಚ್ ಮುತ್ತಿಗೆ ತಡೆದ ಊರು, ಪ್ರತಿ ಸೆಪ್ಟೆಂಬರ್ 8ಕ್ಕೆ ಅದರ ಮೆರವಣಿಗೆ. ಹೆಂಗಸರೂ ಸಿಪಾಯಿ ವೇಷದಲ್ಲಿ ನಡೆಯಬೇಕೆಂದು 1990ರ ದಶಕದಿಂದ ಅಲ್ಲಿ ದೊಡ್ಡ ರಂಪ. ಕೆಲವು ವರ್ಷ ಅವರು ಹೋಗುವ ದಾರಿಗೆ ಜನ ಕಪ್ಪು ಪ್ಲಾಸ್ಟಿಕ್ ಹಿಡಿದು ನಿಂತಿದ್ದೂ ಉಂಟು.

ನಕಾಶೆಪ್ರಿಯ

ಕರಣಿಕರ ಆಕ್ಷೇಪಕ್ಕೆ ನನ್ನ ಉತ್ತರ: ಸನ್ನದು ಕ್ಯಾಸ್ಟೈಲಿನ ಉಳಿದ ಬಂದರುಗಳಿಗೂ ಸಿಕ್ಕಿತ್ತು. ಇಲ್ಲಿ ಸನ್ನದು, ಕಬ್ಬಿಣ, ಓಕ್ ಕಾಡು ಮೂರೂ ಒಂದೇ ಕಣಿವೆಯಲ್ಲಿ ಸಿಕ್ಕವು, ಜೊತೆಗೆ ಮನೆ ಬಿಡಲೇಬೇಕಾದ ಮಕ್ಕಳು.

ಕರಣಿಕ

ಬಿಸ್ಕಾಯಾದಲ್ಲೂ ಅವೆಲ್ಲ ಇತ್ತಲ್ಲ, ಅದಿರು ಇನ್ನೂ ಹೆಚ್ಚು. ಅಲ್ಲಿ ಎಲ್ಲವೂ ಬಿಲ್ಬಾವೊ ಒಂದರ ಕೈಗೆ ಹೋಯಿತು, ಇಲ್ಲಿ ಕಣಿವೆಗೊಂದು ಪಟ್ಟಣ ಉಳಿಯಿತು. ಅದನ್ನು ನಿಮ್ಮ ಹಸಿವಿನ ವಾದ ವಿವರಿಸುವುದಿಲ್ಲ. ಆರು ನದಿಯ ವಾದ ವಿವರಿಸಬಹುದು.

ಕಲ್ಲುಮಣ್ಣು

ಅಂದ್ರ ಗೆದ್ದದ್ದು ಭೂಗೋಳ ಅಂತಾತು! ಅದು ಬಿಡ್ರಿ. ದೇಬಾಕಣಿವೆಯವ್ರ, ಬರೋ ಬೇಸಗಿಗೆ ಸುಮಾಯಾಕ್ಕ ಬರೋ ವಿಚಾರ ಅದ. ಆ ಕಪ್ಪು ಗೆರೆ ತನಕ ನಡೆದು ಹೋಗಬಹುದೇನ್ರಿ?

ದೇಬಾಕಣಿವೆ

ಇಳಿತದ ಹೊತ್ತು ನೋಡಿಕೊಂಡು ಹೋಗಬೇಕು ಸರ್. ಭರತ ಬಂದರೆ ಬಂಡೆಬುಡದ ದಾರಿ ಮುಳುಗುತ್ತದೆ. ಸುಮಾಯಾದ ಪ್ರವಾಸಿ ಕಚೇರಿಯಲ್ಲಿ ಇಳಿತ–ಭರತದ ಪಟ್ಟಿ ಕೇಳಿ, ಭೂವಿಜ್ಞಾನಿಗಳ ಜೊತೆ ನಡಿಗೆಯೂ ಇರುತ್ತದೆ. ದೊನೊಸ್ತಿಯಾದಿಂದ ಯೂಸ್ಕೊತ್ರೆನ್ ರೈಲು ಹಿಡಿದರೆ ಸುಮಾಯಾದಲ್ಲೇ ಇಳಿಯಬಹುದು. ಪಾಚಿ ಜಾರುತ್ತದೆ, ಒಳ್ಳೆ ಹಿಡಿತದ ಬೂಟು ತನ್ನಿ. ಸುತ್ತಿಗೆ ಮಾತ್ರ ಊರಲ್ಲೇ ಬಿಟ್ಟು ಬನ್ನಿ, ಅಲ್ಲಿ ಕಲ್ಲು ಒಡೆಯುವಂತಿಲ್ಲ.